ಶಾಲಾ ಇಂಗ್ಲಿಷ್ ಪರೀಕ್ಷೆಯಲ್ಲಿ ಸಂಕ್ಷೇಪಾಕ್ಷರಗಳು

ಒಂದು ಪದವನ್ನಾಗಲಿ ಹಲವು ಪದಗಳಿಂದ ಕೂಡಿದ ಹೆಸರನ್ನಾಗಲಿ ಕೆಲವೇ ಅಕ್ಷರಗಳಲ್ಲಿ ಅಡಕಗೊಳಿಸಿ ಬರೆಯುವ ರೂಪಕ್ಕೆ ಸಂಕ್ಷೇಪಾಕ್ಷರ ಎಂದು ಹೆಸರು. ಶಾಲೆಗಳಲ್ಲಿ ಇದನ್ನು ಅಬ್ರಿವಿಯೇಷನ್ ಎಂಬ ಇಂಗ್ಲಿಷ್ ಹೆಸರಿನಿಂದಲೇ ಕರೆಯುವುದು ರೂಢಿ. ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಇಂಗ್ಲಿಷ್ ಕಿರುಪರೀಕ್ಷೆಗಳಲ್ಲಿಯೂ ಸಾಮಾನ್ಯ ಜ್ಞಾನದ ಸ್ಪರ್ಧೆಗಳಲ್ಲಿಯೂ, ಮುಂದೆ ಉದ್ಯೋಗಕ್ಕಾಗಿ ಬರೆಯುವ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿಯೂ ಸಂಕ್ಷೇಪಾಕ್ಷರವನ್ನು ಕೊಟ್ಟು ಪೂರ್ಣರೂಪವನ್ನು ಕೇಳುವುದುಂಟು. ಕೆಲವೊಮ್ಮೆ ಪೂರ್ಣರೂಪವನ್ನು ಕೊಟ್ಟು ಹ್ರಸ್ವರೂಪವನ್ನು ಕೇಳಲಾಗುತ್ತದೆ. ಪ್ರಶ್ನೆ ಚಿಕ್ಕದು, ಅಂಕವೂ ಚಿಕ್ಕದು. ಆದರೆ ಒಂದು ಅಕ್ಷರ ತಪ್ಪಿದರೂ ಇಡೀ ಅಂಕ ಹೋಗಬಹುದಾದ್ದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಈ ಭಾಗವನ್ನು ಅಂಜಿಕೆಯಿಂದ ನೋಡುತ್ತಾರೆ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ದೈನಂದಿನ ಬಳಕೆಯಲ್ಲಿರುವ ಸಂಕ್ಷೇಪಾಕ್ಷರಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಲೇಖನದಲ್ಲಿ ವಿಷಯವನ್ನು ವಿವರಿಸಲಾಗಿದೆ. ಈ ಭಾಗದ ವಿದ್ಯಾರ್ಥಿಯು ಮನೆಯಿಂದ ಶಾಲೆಗೆ ಬರುವ ದಾರಿಯಲ್ಲೇ ಹತ್ತಾರು ಸಂಕ್ಷೇಪಾಕ್ಷರಗಳನ್ನು ಓದುತ್ತಾನೆ; ಅವು ಪಠ್ಯಕ್ಕೆ ಸಂಬಂಧಪಟ್ಟವು ಎಂಬುದು ಮಾತ್ರ ಅವನಿಗೆ ಹೊಳೆದಿರುವುದಿಲ್ಲ.

ಊರಿನ ಹೆಸರಿನಲ್ಲೇ ಸಂಕ್ಷೇಪ

ಹಿಂದೆ ಎಡೆಹಳ್ಳಿ ಎಂದು ಕರೆಯಲ್ಪಡುತ್ತಿದ್ದ ಊರು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದು ನರಸಿಂಹರಾಜಪುರವಾಯಿತು. ಆಡುಮಾತಿನಲ್ಲಿಯೂ ಬಸ್ಸಿನ ಫಲಕದಲ್ಲಿಯೂ ಅದು ಎನ್.ಆರ್.ಪುರ. ನರಸಿಂಹರಾಜ ಎಂಬುದು ಬರವಣಿಗೆಯಲ್ಲಿ ಒಂದೇ ಪದ. ಹಾಗಿದ್ದರೂ ಅದರಿಂದ ಎರಡು ಅಕ್ಷರಗಳು ಹುಟ್ಟಿವೆ. ಸಮಾಸದ ಎರಡು ಭಾಗಗಳಾದ ನರಸಿಂಹ ಮತ್ತು ರಾಜ ಎಂಬಿವುಗಳಿಂದ ಒಂದೊಂದು ಅಕ್ಷರವನ್ನು ತೆಗೆದುಕೊಳ್ಳಲಾಗಿದೆ. ಟೆಲಿವಿಷನ್ ಎಂಬ ಒಂದೇ ಪದದಿಂದ ಟಿ.ವಿ. ಬಂದದ್ದೂ ಇದೇ ಬಗೆಯಲ್ಲಿ. ಆದ್ದರಿಂದ ಸಂಕ್ಷೇಪದಲ್ಲಿ ಎಷ್ಟು ಅಕ್ಷರಗಳಿವೆಯೋ ವಿಸ್ತರಣೆಯಲ್ಲಿ ಅಷ್ಟೇ ಪದಗಳಿರಬೇಕು ಎಂಬ, ವಿದ್ಯಾರ್ಥಿಗಳಲ್ಲಿ ಬಹಳ ಪ್ರಚಲಿತವಾದ ನಂಬಿಕೆ ಸರಿಯಲ್ಲ.

ಅಡಿಕೆ ಬೆಳೆಗಾರರ ಮನೆಗಳಲ್ಲಿ ಮ್ಯಾಮ್‌ಕೋಸ್ ಮತ್ತು ಕ್ಯಾಂಪ್ಕೊ ಎಂಬ ಎರಡು ಹೆಸರುಗಳು ಮಕ್ಕಳಿಗೂ ಗೊತ್ತು. ಮೊದಲನೆಯದು ಮಲ್ನಾಡ್ ಅರೆಕಾ ಮಾರ್ಕೆಟಿಂಗ್ ಕೋ-ಆಪರೇಟಿವ್ ಸೊಸೈಟಿ. ಇದರಲ್ಲಿ ಮೊದಲ ಮೂರು ಪದಗಳಿಂದ ಒಂದೊಂದು ಅಕ್ಷರವನ್ನೂ ಕೋ-ಆಪರೇಟಿವ್ ಎಂಬಲ್ಲಿಂದ ಎರಡು ಅಕ್ಷರಗಳನ್ನೂ ತೆಗೆದುಕೊಳ್ಳಲಾಗಿದೆ. ಎರಡನೆಯದು 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಸೆಂಟ್ರಲ್ ಅರೆಕಾನಟ್ ಅಂಡ್ ಕೋಕೋ ಮಾರ್ಕೆಟಿಂಗ್ ಅಂಡ್ ಪ್ರೊಸೆಸಿಂಗ್ ಕೋ-ಆಪರೇಟಿವ್ ಲಿಮಿಟೆಡ್. ಇಲ್ಲಿ 'ಅಂಡ್' ಎರಡು ಸಲ ಬಂದರೂ ಸಂಕ್ಷೇಪದಲ್ಲಿ ಅದಕ್ಕೆ ಸ್ಥಾನವಿಲ್ಲ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಕೋಕೋ ಎಂಬ ಮುಖ್ಯ ಪದಕ್ಕೂ ಸ್ಥಾನವಿಲ್ಲ. ಅಕ್ಷರಗಳನ್ನು ಮಾತ್ರ ನೋಡಿ ಊಹಿಸುವವನು ಕೋಕೋವನ್ನು ಬಿಟ್ಟೇ ಬಿಡುತ್ತಾನೆ. ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಇದೇ ಸಂಸ್ಥೆಯದ್ದು ಎಂದು ಬಲ್ಲವನು ಅದನ್ನು ಮರೆಯುವುದಿಲ್ಲ.

ಬಾಳೆಹೊನ್ನೂರಿಗೆ ಸಮೀಪದಲ್ಲಿರುವ ಸಿ.ಸಿ.ಆರ್.ಐ., ಅಂದರೆ ಸೆಂಟ್ರಲ್ ಕಾಫಿ ರಿಸರ್ಚ್ ಇನ್‌ಸ್ಟಿಟ್ಯೂಟ್, 1925ರಲ್ಲಿ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರವಾಗಿ ಆರಂಭವಾಯಿತು. ಇಲ್ಲಿನ ತೋಟಗಳಲ್ಲಿ ಸಾಮಾನ್ಯವಾಗಿರುವ ಎಸ್.795 ಎಂಬ ಕಾಫಿ ತಳಿಯ ಹೆಸರಿನಲ್ಲಿರುವ 'ಎಸ್' ಕೂಡ ಸಂಕ್ಷೇಪವೇ. ಆಯ್ಕೆ ಎಂಬ ಅರ್ಥದ ಸೆಲೆಕ್ಷನ್ ಎಂಬ ಪದದ ಮೊದಲಕ್ಷರ ಅದು. ಅದೇ ಪರಿಸರದ ಸೀಗೋಡಿನಲ್ಲಿರುವ ಜೆ.ಎನ್.ವಿ. ಎಂದರೆ ಜವಾಹರ್ ನವೋದಯ ವಿದ್ಯಾಲಯ. ಈ ವಿಸ್ತರಣೆಯಲ್ಲಿ ಒಂದೂ ಇಂಗ್ಲಿಷ್ ಪದವಿಲ್ಲದಿದ್ದರೂ ಸಂಕ್ಷೇಪ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿದೆ. ಮಂಗಳೂರಿನಿಂದ ಕಾರ್ಕಳ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಗಳ ಮೂಲಕ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯ ಮೈಲಿಗಲ್ಲುಗಳಲ್ಲಿ ಕಾಣುವ ಎನ್.ಎಚ್. 169 ಎಂಬಲ್ಲಿನ ಎರಡು ಅಕ್ಷರಗಳು ನ್ಯಾಷನಲ್ ಹೈವೇ ಎಂಬುದನ್ನು ಸೂಚಿಸುತ್ತವೆ. ಮೂರೂ ತಾಲ್ಲೂಕುಗಳು ಸೇರಿ ಶೃಂಗೇರಿ ವಿಧಾನಸಭಾ ಕ್ಷೇತ್ರವಾಗಿರುವುದರಿಂದ ಮೂರಕ್ಕೂ ಎಂ.ಎಲ್.ಎ. ಒಬ್ಬರೇ: ಮೆಂಬರ್ ಆಫ್ ದಿ ಲೆಜಿಸ್ಲೇಟಿವ್ ಅಸೆಂಬ್ಲಿ.

ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಲ್ಲಿ ಬರುವ ಕೆ.ಎಫ್.ಡಿ. ಎಂಬ ಮೂರು ಅಕ್ಷರಗಳನ್ನು ತಿಳಿದಿರಬೇಕಾದುದು ಅಂಕಕ್ಕಾಗಿ ಮಾತ್ರವಲ್ಲ. ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂಬುದರ ಹ್ರಸ್ವರೂಪ ಇದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವನ್ನು ಮಲೆನಾಡಿನ ಜನ ಮಂಗನ ಕಾಯಿಲೆ ಎನ್ನುತ್ತಾರೆ. ಉಣ್ಣೆಗಳ ಕಡಿತದಿಂದ ಹರಡುವ ಇದು ಜೀವಕ್ಕೆ ಎರವಾಗಬಲ್ಲದು. ಮಂಗನ ಕಾಯಿಲೆ ಎಂದರೆ ಬೆಚ್ಚುವ ಮನೆಯವರು ಕೆ.ಎಫ್.ಡಿ. ಎಂದು ಬರೆದ ಚೀಟಿಯನ್ನು ನೋಡಿ ಸುಮ್ಮನಿರುವ ಸಂಭವವಿದೆ. ಓದುವ ಮಗುವೊಂದು ಮನೆಯಲ್ಲಿದ್ದು ಆ ಅಕ್ಷರಗಳನ್ನು ಬಿಡಿಸಿ ಹೇಳಿದರೆ ಚೀಟಿಯ ಉದ್ದೇಶ ಈಡೇರುತ್ತದೆ.

ವಿಧಗಳು

ವ್ಯಾಕರಣ ಪುಸ್ತಕಗಳಲ್ಲಿ ಸಂಕ್ಷೇಪಾಕ್ಷರಗಳನ್ನು ಹಲವು ಬಗೆಗಳಾಗಿ ವಿಂಗಡಿಸುತ್ತಾರೆ. ಶಾಲಾ ಪರೀಕ್ಷೆಯ ದೃಷ್ಟಿಯಿಂದ ಮುಖ್ಯವಾದ ಭೇದ ಓದುವ ರೀತಿಯದು. ಬಿ.ಇ.ಒ., ಪಿ.ಡಿ.ಒ. ಮೊದಲಾದವನ್ನು ಅಕ್ಷರ ಅಕ್ಷರವಾಗಿ ಓದುತ್ತೇವೆ, ಇವು ಇನಿಷಿಯಲಿಸಂ. ನಬಾರ್ಡ್, ಇಸ್ರೋ, ಯುನೆಸ್ಕೊ, ಮ್ಯಾಮ್‌ಕೋಸ್ ಮೊದಲಾದವನ್ನು ಒಂದು ಪದದಂತೆ ಓದುತ್ತೇವೆ, ಇವು ಆಕ್ರೊನಿಂ. ಹಳ್ಳಿಯ ಆಶಾ ಕಾರ್ಯಕರ್ತೆಯ ಹುದ್ದೆಯ ಹೆಸರು ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ. ಅಕ್ರೆಡಿಟೆಡ್ ಸೋಷಿಯಲ್ ಹೆಲ್ತ್ ಆಕ್ಟಿವಿಸ್ಟ್ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಭಾರತೀಯ ಭಾಷೆಗಳ ಅರ್ಥವತ್ತಾದ ಪದವಾಗಿವೆ.

ಡಾಕ್ಟರ್, ಗವರ್ನಮೆಂಟ್, ಡಿಪಾರ್ಟ್‌ಮೆಂಟ್ ಮುಂತಾದ ಒಂಟಿ ಪದಗಳನ್ನು ಮೊಟಕುಗೊಳಿಸಿ ಬರೆಯುವುದು ಇನ್ನೊಂದು ಬಗೆ. ಅಳತೆಯ ಮಾನಗಳು ಬೇರೆಯೇ ನಿಯಮಕ್ಕೆ ಒಳಪಡುತ್ತವೆ: ಕಿಲೋಗ್ರಾಂ, ಕಿಲೋಮೀಟರ್ ಮೊದಲಾದವುಗಳ ಹ್ರಸ್ವರೂಪಗಳನ್ನು ಚಿಕ್ಕಕ್ಷರಗಳಲ್ಲಿ ಬರೆಯಬೇಕು, ಬಹುವಚನದ 'ಎಸ್' ಸೇರಿಸಬಾರದು, ವಾಕ್ಯದ ಕೊನೆಯಲ್ಲಲ್ಲದೆ ಚುಕ್ಕಿ ಇಡಬಾರದು. ಬಸ್ಸಿನ ವೇಳಾಪಟ್ಟಿಯಲ್ಲಿರುವ ಎ.ಎಂ. ಮತ್ತು ಪಿ.ಎಂ. ಎಂಬುವು ಲ್ಯಾಟಿನ್ ಭಾಷೆಯ ಆಂಟೆ ಮೆರಿಡಿಯಂ ಮತ್ತು ಪೋಸ್ಟ್ ಮೆರಿಡಿಯಂ ಎಂಬ ಪದಪುಂಜಗಳು. ಮಧ್ಯಾಹ್ನಕ್ಕೆ ಮುನ್ನ, ಮಧ್ಯಾಹ್ನದ ನಂತರ ಎಂದು ಅರ್ಥ. 'ಮುಂತಾದವು' ಎಂಬ ಅರ್ಥದ ಎಟ್‌ಸೆಟರಾ ಕೂಡ ಲ್ಯಾಟಿನ್ನಿನದೇ. ಅದರ ಹ್ರಸ್ವರೂಪ ಇ-ಟಿ-ಸಿ. ಅನೇಕರು ಬರೆಯುವ ಇ-ಸಿ-ಟಿ ತಪ್ಪು.

ಕನ್ನಡದ ಪದ್ಧತಿ ಮತ್ತು ಇಂಗ್ಲಿಷಿನ ಪದ್ಧತಿ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಜನಿಸಿದ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರು ಎರಡೂ ಪದ್ಧತಿಗಳನ್ನು ಒಟ್ಟಿಗೆ ತೋರಿಸುತ್ತದೆ. ಅವರ ಕಾವ್ಯನಾಮ ಕುವೆಂಪು. ಅಧಿಕೃತ ವ್ಯವಹಾರದಲ್ಲಿ ಅವರು ಕೆ.ವಿ. ಪುಟ್ಟಪ್ಪ. ಮೊದಲನೆಯದರಲ್ಲಿ ಊರು, ತಂದೆ ಮತ್ತು ತಮ್ಮ ಹೆಸರುಗಳಿಂದ ಸ್ವರಸಹಿತವಾದ ಪೂರ್ಣ ಅಕ್ಷರಗಳನ್ನು ತೆಗೆದುಕೊಳ್ಳಲಾಗಿದೆ. ಎರಡನೆಯದರಲ್ಲಿ ಇಂಗ್ಲಿಷ್ ಕಾಗುಣಿತದ ಮೊದಲ ಲಿಪಿಚಿಹ್ನೆ ಮಾತ್ರ ಉಳಿದಿದೆ. ತ.ರಾ.ಸು. ಎಂಬುದು ಕನ್ನಡದ ಕ್ರಮ, ಡಿ.ವಿ.ಜಿ. ಎಂಬುದು ಇಂಗ್ಲಿಷಿನ ಕ್ರಮ.

ಕನ್ನಡದ ವಿದ್ಯಾರ್ಥಿಗೆ ಮೊದಲನೆಯದು ಸಹಜ, ಏಕೆಂದರೆ ಅಲ್ಲಿ ಉಚ್ಚಾರವೇ ಅಕ್ಷರ. ಇಂಗ್ಲಿಷಿನಲ್ಲಿ ಹಾಗಲ್ಲ. ಸೆಂಟ್ರಲ್ ಎಂಬ ಪದ 'ಸ' ಕಾರದಿಂದ ಕೇಳಿಸಿದರೂ ಅದರ ಮೊದಲಕ್ಷರ 'ಸಿ'. ಕಮಿಷನ್, ಕೌನ್ಸಿಲ್, ಕಾರ್ಪೊರೇಷನ್‌ಗಳು 'ಕ' ಕಾರದಿಂದ ಕೇಳಿಸಿದರೂ ಅಲ್ಲಿಯೂ 'ಸಿ'. ಜನರಲ್ ಎಂಬುದು 'ಜೆ'ಯಿಂದ ಆರಂಭವಾಗದೆ 'ಜಿ'ಯಿಂದ ಆರಂಭವಾಗುತ್ತದೆ. ಕಿವಿಯನ್ನು ನಂಬಿ ಬರೆಯುವ ವಿದ್ಯಾರ್ಥಿಗೆ ಇಲ್ಲಿ ಸಂಕ್ಷೇಪಾಕ್ಷರವೇ ಸಹಾಯಕ. ಎಸ್.ಎಸ್.ಎಲ್.ಸಿ. ಎಂಬುದರ ಕೊನೆಯಲ್ಲಿ 'ಸಿ' ಇರುವುದರಿಂದಲೇ ಸರ್ಟಿಫಿಕೇಟ್ ಎಂಬ ಪದ 'ಎಸ್'ನಿಂದ ಆರಂಭವಾಗಲಾರದು ಎಂದು ತಿಳಿಯುತ್ತದೆ. ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿರುವ ಈ ಸುಳಿವನ್ನು ಗಮನಿಸದೆ ತಪ್ಪು ಬರೆಯುವವರು ಬಹಳ ಮಂದಿ.

'ಸಿ' ಎಂಬ ಅಕ್ಷರದ ತೊಡಕು

ಭಾರತದ ಸಂಸ್ಥೆಗಳ ಹೆಸರುಗಳಲ್ಲಿ ಅತಿ ಹೆಚ್ಚು ಗೊಂದಲವನ್ನುಂಟುಮಾಡುವುದು ಕೊನೆಯ 'ಸಿ'. ಕೆ.ಎಸ್.ಆರ್.ಟಿ.ಸಿ.ಯಲ್ಲಿ ಅದು ಕಾರ್ಪೊರೇಷನ್, ಎ.ಪಿ.ಎಂ.ಸಿ. ಮತ್ತು ಎಸ್.ಡಿ.ಎಂ.ಸಿ.ಗಳಲ್ಲಿ ಕಮಿಟಿ, ಯು.ಪಿ.ಎಸ್.ಸಿ. ಮತ್ತು ಕೆ.ಪಿ.ಎಸ್.ಸಿ.ಗಳಲ್ಲಿ ಕಮಿಷನ್, ಎಂ.ಎಲ್.ಸಿ.ಯಲ್ಲಿ ಕೌನ್ಸಿಲ್, ಪಿ.ಎಚ್.ಸಿ.ಯಲ್ಲಿ ಸೆಂಟರ್, ಬ್ಯಾಂಕಿನ ಪಾಸ್‌ಪುಸ್ತಕದ ಐ.ಎಫ್.ಎಸ್.ಸಿ.ಯಲ್ಲಿ ಕೋಡ್. 1985ರಲ್ಲಿ ಸ್ಥಾಪಿತವಾದ ಸಾರ್ಕ್‌ನಲ್ಲಿ ಅದು ಕೋಆಪರೇಷನ್: ಸೌತ್ ಏಷ್ಯನ್ ಅಸೋಸಿಯೇಷನ್ ಫಾರ್ ರೀಜನಲ್ ಕೋಆಪರೇಷನ್. ಇದನ್ನು ಕಾರ್ಪೊರೇಷನ್ ಎಂದು ಬರೆಯುವುದು ಪರಿಚಿತವಾದ ತಪ್ಪು.

ಇವನ್ನು ಬಾಯಿಪಾಠದಿಂದ ನೆನಪಿಡುವುದು ಕಷ್ಟ, ಅರ್ಥದಿಂದ ನೆನಪಿಡುವುದು ಸುಲಭ. ಕಾರ್ಪೊರೇಷನ್ ಎಂದರೆ ನಿಗಮ. ಬಸ್ಸು ಓಡಿಸುವುದು, ವಿಮೆ ಮಾಡಿಸುವುದು ಮೊದಲಾದ ವ್ಯವಹಾರ ನಡೆಸುವ ಸಂಸ್ಥೆ. ಕಮಿಟಿ ಎಂದರೆ ಕೆಲವು ಸದಸ್ಯರು ಕುಳಿತು ತೀರ್ಮಾನಿಸುವ ಸಮಿತಿ. ಅಡಿಕೆ ಮಾರುಕಟ್ಟೆಯ ಸಮಿತಿ, ಶಾಲೆಯ ಪೋಷಕರ ಸಮಿತಿ. ಕಮಿಷನ್ ಎಂದರೆ ಆಯೋಗ. ನೇಮಕಾತಿ, ವಿಚಾರಣೆ ಮುಂತಾದವುಗಳಿಗಾಗಿ ಅಧಿಕಾರ ಪಡೆದದ್ದು. ಕೌನ್ಸಿಲ್ ಎಂದರೆ ಪರಿಷತ್ತು. ಸಂಸ್ಥೆ ಏನು ಮಾಡುತ್ತದೆ ಎಂದು ಬಲ್ಲ ವಿದ್ಯಾರ್ಥಿಗೆ ಕೊನೆಯ ಪದ ತಾನಾಗಿ ಬರುತ್ತದೆ.

ಇದೇ ರೀತಿ ಎರಡು ರೂಪಗಳ ನಡುವೆ ತೊಳಲಾಡಿಸುವ ಪದಗಳಿವೆ. ಎನ್.ಸಿ.ಇ.ಆರ್.ಟಿ. ಎಂಬುದರಲ್ಲಿ ಎಜುಕೇಷನಲ್ ಎಂದಿದೆ: ನ್ಯಾಷನಲ್ ಕೌನ್ಸಿಲ್ ಆಫ್ ಎಜುಕೇಷನಲ್ ರಿಸರ್ಚ್ ಅಂಡ್ ಟ್ರೇನಿಂಗ್. ಜಿಲ್ಲಾ ಮಟ್ಟದ ಡಯಟ್‌ನಲ್ಲಿ ಎಜುಕೇಷನ್ ಎಂದಷ್ಟೇ ಇದೆ: ಡಿಸ್ಟ್ರಿಕ್ಟ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್ ಅಂಡ್ ಟ್ರೇನಿಂಗ್. ಎ.ಪಿ.ಎಂ.ಸಿ. ಎಂಬುದು ಅಗ್ರಿಕಲ್ಚರಲ್ ಪ್ರೊಡ್ಯೂಸ್ ಮಾರ್ಕೆಟ್ ಕಮಿಟಿ. ಆದರೆ 1982ರಲ್ಲಿ ಸ್ಥಾಪಿತವಾದ ನಬಾರ್ಡ್ ಎಂಬುದು ನ್ಯಾಷನಲ್ ಬ್ಯಾಂಕ್ ಫಾರ್ ಅಗ್ರಿಕಲ್ಚರ್ ಅಂಡ್ ರೂರಲ್ ಡೆವಲಪ್‌ಮೆಂಟ್. ಮುಂದೆ ನಾಮಪದ ಬಂದು ಅದನ್ನು ವಿಶೇಷಿಸಬೇಕಾದಾಗ 'ಅಲ್' ಸೇರುತ್ತದೆ, ತಾನೇ ನಾಮಪದವಾಗಿ ನಿಂತಾಗ ಸೇರುವುದಿಲ್ಲ ಎಂಬ ಇಷ್ಟು ವ್ಯಾಕರಣ ತಿಳಿದಿದ್ದರೆ ನಾಲ್ಕನ್ನೂ ಬೇರೆ ಬೇರೆಯಾಗಿ ಉರುಹೊಡೆಯಬೇಕಾಗಿಲ್ಲ.

ಒಂದೇ ಅಕ್ಷರಗಳಿಗೆ ಹಲವು ವಿಸ್ತರಣೆ

ಕೊಪ್ಪದ ಹಿರಿಯರಿಗೆ ಟಿ.ಸಿ.ಎಸ್. ಎಂದರೆ ಟ್ರಾನ್ಸ್‌ಪೋರ್ಟ್ ಕೋ-ಆಪರೇಟಿವ್ ಸೊಸೈಟಿ. ಕಾರ್ಮಿಕರೇ ಸೇರಿ 1991ರಲ್ಲಿ ಆರಂಭಿಸಿ, ಸಹಕಾರ ಸಾರಿಗೆ ಎಂಬ ಹೆಸರಿನಿಂದ ಮಲೆನಾಡಿನ ಉದ್ದಗಲಕ್ಕೆ ಬಸ್ಸು ಓಡಿಸಿದ ಈ ಸಂಸ್ಥೆ 2020ರಲ್ಲಿ ಸಂಚಾರ ನಿಲ್ಲಿಸಿತು. ಅದೇ ಅಕ್ಷರಗಳನ್ನು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನೋ ಅಕ್ಕನೋ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಎಂದು ಬಿಡಿಸುತ್ತಾರೆ. ತೆರಿಗೆಯ ಲೆಕ್ಕದಲ್ಲಿ ಅದು ಟ್ಯಾಕ್ಸ್ ಕಲೆಕ್ಟೆಡ್ ಅಟ್ ಸೋರ್ಸ್. ಮೂರೂ ಸರಿ. ಯಾವುದನ್ನು ಬರೆಯಬೇಕು ಎಂಬುದನ್ನು ಪ್ರಶ್ನೆಯ ಸಂದರ್ಭ ನಿರ್ಧರಿಸುತ್ತದೆ.

ಬಿ.ಆರ್.ಪಿ. ಎಂಬುದೂ ಹೀಗೆಯೇ. ಭದ್ರಾ ಜಲಾಶಯದ ಹಿನ್ನೀರಿನ ಒಂದು ದಡದಲ್ಲಿ ನರಸಿಂಹರಾಜಪುರವಿದ್ದರೆ ಅಣೆಕಟ್ಟಿನ ಬಳಿಯ ಊರು ಬಿ.ಆರ್. ಪ್ರಾಜೆಕ್ಟ್, ಅಂದರೆ ಭದ್ರಾ ರಿವರ್ ಪ್ರಾಜೆಕ್ಟ್. ಶಿಕ್ಷಣ ಇಲಾಖೆಯಲ್ಲಿ ಬಿ.ಆರ್.ಪಿ. ಎಂದರೆ ಬ್ಲಾಕ್ ರಿಸೋರ್ಸ್ ಪರ್ಸನ್ ಎಂಬ ಹುದ್ದೆ. ಆರ್.ಟಿ.ಸಿ. ಎಂಬುದು ಕೆ.ಎಸ್.ಆರ್.ಟಿ.ಸಿ.ಯೊಳಗೆ ರೋಡ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಆಗುತ್ತದೆ. ನಾಡಕಚೇರಿಯಲ್ಲಿ ಅದೇ ಆರ್.ಟಿ.ಸಿ. ಪಹಣಿ, ವಿಸ್ತರಣೆ ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಅಂಡ್ ಕ್ರಾಪ್ಸ್. ಜಮೀನಿನ ಹಕ್ಕು ಯಾರದು, ಗೇಣಿ ಇದೆಯೆ, ಬೆಳೆ ಯಾವುದು ಎಂಬ ಮೂರು ಸಂಗತಿಗಳು ಈ ಹೆಸರಿನಲ್ಲೇ ಇವೆ. ಇಂಗ್ಲಿಷ್ ಪೂರ್ಣರೂಪವನ್ನು ಒಮ್ಮೆ ಬಿಡಿಸಿ ನೋಡಿದ ವಿದ್ಯಾರ್ಥಿಗೆ ಮನೆಯ ಪಹಣಿಯ ಕಾಲಂಗಳು ಏಕೆ ಹಾಗಿವೆ ಎಂಬುದೂ ತಿಳಿಯುತ್ತದೆ.

ಕೆ.ಎಸ್.ಆರ್.ಟಿ.ಸಿ. ಎಂಬ ಹೆಸರೇ ಎರಡು ರಾಜ್ಯಗಳ ನಡುವೆ ವ್ಯಾಜ್ಯಕ್ಕೆ ಕಾರಣವಾಗಿತ್ತು. ಕರ್ನಾಟಕ ಮತ್ತು ಕೇರಳ ಎರಡೂ ಇಂಗ್ಲಿಷಿನ 'ಕೆ' ಅಕ್ಷರದಿಂದ ಆರಂಭವಾಗುವುದರಿಂದ ಎರಡೂ ರಾಜ್ಯಗಳ ಸಾರಿಗೆ ನಿಗಮಗಳು ಅದೇ ಸಂಕ್ಷೇಪವನ್ನು ಬಳಸುತ್ತ ಬಂದಿದ್ದವು. ಕರ್ನಾಟಕದ ಬಳಕೆಯನ್ನು ಪ್ರಶ್ನಿಸಿ ಕೇರಳದ ನಿಗಮ ಸಲ್ಲಿಸಿದ್ದ ಅರ್ಜಿಯನ್ನು 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ವಜಾಗೊಳಿಸಿತು. ಕಾಸರಗೋಡಿನ ಕನ್ನಡ ಮಕ್ಕಳು ಒಂದೇ ನಿಲ್ದಾಣದಲ್ಲಿ ಎರಡೂ ಕೆ.ಎಸ್.ಆರ್.ಟಿ.ಸಿ.ಗಳನ್ನು ಕಾಣುತ್ತಾರೆ. ಅವರಿಗೆ ಈ ಪ್ರಶ್ನೆ ಬಂದರೆ ಯಾವ ರಾಜ್ಯದ ಪರೀಕ್ಷೆ ಎಂಬುದನ್ನು ನೋಡಿ ಬರೆಯಬೇಕಾಗುತ್ತದೆ.

ಹಳತಾದ ವಿಸ್ತರಣೆಗಳು

ಮಾರುಕಟ್ಟೆಯಲ್ಲಿ ಸಿಗುವ ಗೈಡುಗಳಲ್ಲಿನ ಪಟ್ಟಿಗಳು ವರ್ಷದಿಂದ ವರ್ಷಕ್ಕೆ ಪುನರ್ಮುದ್ರಣಗೊಳ್ಳುತ್ತವೆಯೇ ಹೊರತು ಪರಿಷ್ಕರಣಗೊಳ್ಳುವುದು ಕಡಿಮೆ. ಸಂಸ್ಥೆಗಳ ಹೆಸರುಗಳಾದರೋ ಬದಲಾಗುತ್ತಿರುತ್ತವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಡೆಸುತ್ತಿದ್ದ ಕೆ.ಎಸ್.ಇ.ಇ.ಬಿ. ಎಂಬ ಮಂಡಲಿ 2022ರಲ್ಲಿ ಪದವಿಪೂರ್ವ ಪರೀಕ್ಷೆಗಳ ಹೊಣೆಯನ್ನೂ ವಹಿಸಿಕೊಂಡು ಕೆ.ಎಸ್.ಇ.ಎ.ಬಿ. ಆಯಿತು: ಕರ್ನಾಟಕ ಸ್ಕೂಲ್ ಎಕ್ಸಾಮಿನೇಷನ್ ಅಂಡ್ ಅಸೆಸ್‌ಮೆಂಟ್ ಬೋರ್ಡ್. ಬದಲಾದದ್ದು ಒಂದೇ ಅಕ್ಷರ, ವಿಸ್ತರಣೆಯಲ್ಲಿ ಬದಲಾದದ್ದು ಬಹಳ. ಕೇಂದ್ರದ ಎಂ.ಎಚ್.ಆರ್.ಡಿ. 2020ರಲ್ಲಿ ಮಿನಿಸ್ಟ್ರಿ ಆಫ್ ಎಜುಕೇಷನ್ ಎಂಬ ಹೆಸರಿಗೆ ಮರಳಿತು. ಎಸ್.ಎಸ್.ಎ. ಎಂದು ಪ್ರಸಿದ್ಧವಾಗಿದ್ದ ಸರ್ವ ಶಿಕ್ಷಾ ಅಭಿಯಾನ 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸೇರಿಹೋಯಿತು. ಶೃಂಗೇರಿಯ ರಾಜೀವ್ ಗಾಂಧಿ ಪರಿಸರವು ಯಾವ ಸಂಸ್ಥೆಗೆ ಸೇರಿದೆಯೋ ಆ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನ 2020ರಿಂದ ಸೆಂಟ್ರಲ್ ಸಾಂಸ್ಕ್ರಿಟ್ ಯೂನಿವರ್ಸಿಟಿ, ಅಂದರೆ ಸಿ.ಎಸ್.ಯು.

ಇದಕ್ಕೆ ವಿರುದ್ಧವಾದ ಉದಾಹರಣೆ ಯುನಿಸೆಫ್. 1946ರಲ್ಲಿ ಯುನೈಟೆಡ್ ನೇಷನ್ಸ್ ಇಂಟರ್‌ನ್ಯಾಷನಲ್ ಚಿಲ್ಡ್ರನ್ಸ್ ಎಮರ್ಜೆನ್ಸಿ ಫಂಡ್ ಎಂದು ಆರಂಭವಾದ ಈ ಸಂಸ್ಥೆಯ ಹೆಸರನ್ನು 1953ರಲ್ಲಿ ಯುನೈಟೆಡ್ ನೇಷನ್ಸ್ ಚಿಲ್ಡ್ರನ್ಸ್ ಫಂಡ್ ಎಂದು ಮೊಟಕುಗೊಳಿಸಲಾಯಿತು. ಸಂಕ್ಷೇಪವನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಶಾಲಾ ಪುಸ್ತಕಗಳು ಹಳೆಯ ರೂಪವನ್ನೇ ಹೆಚ್ಚಾಗಿ ಕೊಡುತ್ತವೆ. ಪಠ್ಯದಲ್ಲಿರುವ ರೂಪವನ್ನು ಬರೆಯುವುದು ಪರೀಕ್ಷೆಗೆ ಕ್ಷೇಮ, ಇಂದಿನ ರೂಪವನ್ನು ತಿಳಿದಿರುವುದು ಉತ್ತಮ.

ಕಾಗುಣಿತ

ವಿಸ್ತರಣೆ ಗೊತ್ತಿದ್ದೂ ಅಂಕ ಹೋಗುವುದು ಕಾಗುಣಿತದಲ್ಲಿ. ಕಮಿಟಿ ಎಂಬ ಪದದಲ್ಲಿ ಎಂ, ಟಿ, ಇ ಮೂರೂ ಜೋಡಿಯಾಗಿ ಬರುತ್ತವೆ. ಕಮಿಷನ್‌ನಲ್ಲಿ ಎಂ ಮತ್ತು ಎಸ್ ಜೋಡಿ. ಅಸೆಸ್‌ಮೆಂಟ್‌ನಲ್ಲಿ ಎಸ್ ಜೋಡಿ ಎರಡು ಸಲ ಬರುತ್ತದೆ. ಗವರ್ನಮೆಂಟ್‌ನಲ್ಲಿ ಎಂ ಅಕ್ಷರಕ್ಕೆ ಮೊದಲು ಎನ್ ಇದೆ. ಆಳು ಎಂಬ ಅರ್ಥದ ಗವರ್ನ್ ಎಂಬ ಕ್ರಿಯಾಪದಕ್ಕೆ 'ಮೆಂಟ್' ಸೇರಿದೆ ಎಂದು ತಿಳಿದರೆ ಅದು ಬಿಟ್ಟುಹೋಗುವುದಿಲ್ಲ. ಡೆವಲಪ್‌ಮೆಂಟ್‌ನಲ್ಲಿ ಪಿ ನಂತರ ಇ ಇಲ್ಲ. ಸೆಂಟರ್ ಎಂಬುದನ್ನು ಭಾರತದಲ್ಲಿ ಕೊನೆಗೆ ಆರ್-ಇ ಬರುವಂತೆ ಬರೆಯುತ್ತೇವೆ. ಆರ್ಗನೈಸೇಷನ್ ಎಂಬುದನ್ನು ಇಸ್ರೋ 'ಎಸ್' ಬಳಸಿ ಬರೆಯುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 'ಜಡ್' ಬಳಸಿ ಬರೆಯುತ್ತದೆ.

ಸಂಸ್ಥೆಗಳ ಹೆಸರಿನ ಪ್ರತಿ ಮುಖ್ಯ ಪದವೂ ದೊಡ್ಡಕ್ಷರದಿಂದ ಆರಂಭವಾಗಬೇಕು; ಆಫ್, ಅಂಡ್, ಫಾರ್ ಮುಂತಾದವು ಚಿಕ್ಕಕ್ಷರದಲ್ಲಿರುತ್ತವೆ ಮತ್ತು ಸಾಮಾನ್ಯವಾಗಿ ಸಂಕ್ಷೇಪದಲ್ಲಿ ಕಾಣಿಸುವುದಿಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಆರ್.ಟಿ.ಐ. ಮತ್ತು 2009ರ ಶಿಕ್ಷಣ ಹಕ್ಕು ಕಾಯ್ದೆಯ ಆರ್.ಟಿ.ಇ.ಗಳಲ್ಲಿ ನಡುವಿನ 'ಟಿ' ಎಂಬುದು ಟು ಎಂಬ ಅವ್ಯಯವೇ: ರೈಟ್ ಟು ಇನ್‌ಫರ್ಮೇಷನ್, ರೈಟ್ ಟು ಎಜುಕೇಷನ್.

'ಎ' ಮತ್ತು 'ಆನ್'

ಸಂಕ್ಷೇಪಾಕ್ಷರದ ಮುಂದೆ ಯಾವ ಆರ್ಟಿಕಲ್ ಬರಬೇಕು ಎಂಬ ಪ್ರಶ್ನೆಯೂ ಬರಬಹುದು. ನಿಯಮ ಸರಳ: ಬರೆದ ಅಕ್ಷರವನ್ನು ನೋಡಬಾರದು, ಓದುವ ಧ್ವನಿಯನ್ನು ಕೇಳಬೇಕು. ಎಫ್, ಎಚ್, ಎಲ್, ಎಂ, ಎನ್, ಆರ್, ಎಸ್, ಎಕ್ಸ್ ಎಂಬ ಅಕ್ಷರಗಳು ವ್ಯಂಜನಗಳಾದರೂ ಅವುಗಳ ಹೆಸರುಗಳು ಸ್ವರದಿಂದ ಆರಂಭವಾಗುತ್ತವೆ. ಆದ್ದರಿಂದ ಆನ್ ಎಂ.ಎಲ್.ಎ., ಆನ್ ಎಸ್.ಎಸ್.ಎಲ್.ಸಿ. ಸ್ಟೂಡೆಂಟ್, ಆನ್ ಆರ್.ಟಿ.ಸಿ.; ಆದರೆ ಎ ಬಿ.ಇ.ಒ., ಎ ಪಿ.ಡಿ.ಒ., ಎ ಕೆ.ಎಸ್.ಆರ್.ಟಿ.ಸಿ. ಬಸ್. ನಬಾರ್ಡ್ ಎಂಬುದನ್ನು ಪದವಾಗಿ ಓದುವುದರಿಂದ ಎ ನಬಾರ್ಡ್ ಲೋನ್. ಅದೇ 'ಎನ್' ಅಕ್ಷರದಿಂದ ಆರಂಭವಾಗುವ ಎನ್.ಎಸ್.ಎಸ್. ಶಿಬಿರಕ್ಕೆ ಆನ್.

ಇಲ್ಲಿ ಕನ್ನಡ ಮಾತನಾಡುವವರಿಗೆ ವಿಶೇಷವಾದ ಒಂದು ತೊಡಕಿದೆ. ಪದದ ಆರಂಭದ 'ಎ' ಕಾರವನ್ನು ಕನ್ನಡಿಗರು ಆಡುಮಾತಿನಲ್ಲಿ ಸ್ವಲ್ಪ 'ಯ' ಕಾರ ಬೆರೆಸಿ ಉಚ್ಚರಿಸುತ್ತಾರೆ: ಎಲೆ ಎಂಬುದು ಯೆಲೆ ಎಂದು ಕೇಳಿಸುವಂತೆ ಎಮ್ಮೆಲ್ಲೆ ಎಂಬುದು ಯೆಮ್ಮೆಲ್ಲೆ ಎಂದು ಕೇಳಿಸುತ್ತದೆ. 'ಯ' ವ್ಯಂಜನವಾದ್ದರಿಂದ ವಿದ್ಯಾರ್ಥಿಯು ನಿಯಮವನ್ನು ಸರಿಯಾಗಿ ಅನ್ವಯಿಸಿಯೂ 'ಎ' ಎಂದು ತಪ್ಪಾಗಿ ಬರೆಯುವ ಸಾಧ್ಯತೆ ಇದೆ. ನಿಯಮವನ್ನು ಮತ್ತೆ ಮತ್ತೆ ಹೇಳಿಸುವುದರಿಂದ ಇದು ಸರಿಹೋಗದು. ಎಂ, ಎಲ್, ಎನ್ ಎಂಬ ಅಕ್ಷರಗಳ ಹೆಸರನ್ನು 'ಯ' ಕಾರವಿಲ್ಲದೆ ಹೇಳಿಸಿ ಅಭ್ಯಾಸ ಮಾಡಿಸಬೇಕು. ನಿಜವಾಗಿಯೂ 'ಯ' ಧ್ವನಿ ಇರುವುದು 'ಯು' ಅಕ್ಷರದಲ್ಲಿ ಮಾತ್ರ. ಹಾಗಾಗಿ ಎ ಯುನಿಸೆಫ್ ರಿಪೋರ್ಟ್ ಎಂಬುದು ಸರಿ.

ಸಿದ್ಧತೆಯ ಕ್ರಮ

ನೂರಾರು ಸಂಕ್ಷೇಪಗಳ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ವಾರ ಹಿಡಿದು ಕೂರುವುದು ಫಲಕಾರಿಯಲ್ಲ. ಜೂನ್ ತಿಂಗಳಿನಲ್ಲೇ ಒಂದು ಚಿಕ್ಕ ನೋಟುಪುಸ್ತಕವನ್ನು ಮೀಸಲಿ­ಟ್ಟು, ಕಣ್ಣಿಗೆ ಬಿದ್ದ ಸಂಕ್ಷೇಪವನ್ನು ಬಿದ್ದ ದಿನವೇ ಬರೆದುಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಹರಿಹರಪುರದಿಂದಲೋ ಕಿಗ್ಗದಿಂದಲೋ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗೆ ಫಲಕಗಳೇ ಪಠ್ಯ. ಮನೆಯಲ್ಲಿ ಪಡಿತರ ಚೀಟಿಯ ಬಿ.ಪಿ.ಎಲ್., ಅಂದರೆ ಬಿಲೋ ಪಾವರ್ಟಿ ಲೈನ್, ಪಾಸ್‌ಪುಸ್ತಕದ ಐ.ಎಫ್.ಎಸ್.ಸಿ., ತಂದೆಯ ಪ್ಯಾನ್ ಕಾರ್ಡು ಇವೆಲ್ಲ ಸಿಗುತ್ತವೆ. ಅಂಚೆಯ ವಿಳಾಸದಲ್ಲಿರುವ ಪಿನ್ ಎಂದರೆ ಪೋಸ್ಟಲ್ ಇಂಡೆಕ್ಸ್ ನಂಬರ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಕೊಪ್ಪಕ್ಕೆ 577126, ನರಸಿಂಹರಾಜಪುರಕ್ಕೆ 577134, ಶೃಂಗೇರಿಗೆ 577139. ಪಿನ್ ನಂಬರ್ ಎನ್ನುವಾಗ ನಂಬರ್ ಎಂಬುದು ಎರಡು ಸಲ ಬಂದಂತಾಗುತ್ತದೆ. ಎ.ಟಿ.ಎಂ. ಯಂತ್ರದಲ್ಲಿ ಒತ್ತುವ ಪಿನ್ ಬೇರೆ. ಅದು ಪರ್ಸನಲ್ ಐಡೆಂಟಿಫಿಕೇಷನ್ ನಂಬರ್.

ನೋಟುಪುಸ್ತಕದಲ್ಲಿ ಪ್ರತಿಯೊಂದರ ಮುಂದೆ ಇಂಗ್ಲಿಷ್ ವಿಸ್ತರಣೆ, ಕನ್ನಡದ ಅರ್ಥ ಮತ್ತು ಅದು ಕಂಡ ಸ್ಥಳ ಇರಬೇಕು. ಕೊನೆಯದು ಅನಗತ್ಯವೆಂದು ತೋರಬಹುದು. ನೆನಪಿಗೆ ಹೆಚ್ಚು ನೆರವಾಗುವುದು ಅದೇ. ವಾರಕ್ಕೊಮ್ಮೆ ವಿಸ್ತರಣೆಯ ಭಾಗವನ್ನು ಕೈಯಿಂದ ಮುಚ್ಚಿ ಬರೆದು ನೋಡಬೇಕು. ಬಾಯಿಯಲ್ಲಿ ಹೇಳಿ ಮುಗಿಸುವುದು ಸಾಲದು, ಏಕೆಂದರೆ ಬಾಯಿಗೆ ಕಾಗುಣಿತದ ತಪ್ಪು ಗೊತ್ತಾಗುವುದಿಲ್ಲ. ಇಬ್ಬರು ಗೆಳೆಯರು ಪುಸ್ತಕ ಬದಲಾಯಿಸಿಕೊಂಡು ತಿದ್ದಿದರೆ ತನಗೆ ಕಾಣದ ತಪ್ಪು ಇನ್ನೊಬ್ಬನಿಗೆ ಕಾಣುತ್ತದೆ. ಪುಸ್ತಕ ತುಂಬುತ್ತಿದ್ದಂತೆ ಕಾರ್ಪೊರೇಷನ್‌ಗಳು ಒಂದು ಕಡೆ, ಕಮಿಟಿಗಳು ಒಂದು ಕಡೆ, ಶಿಕ್ಷಣಕ್ಕೆ ಸಂಬಂಧಿಸಿದವು ಒಂದು ಕಡೆ ಎಂದು ಹೊಸದಾಗಿ ಗುಂಪು ಮಾಡಿ ಬರೆಯುವುದು ಒಳ್ಳೆಯದು.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಕೊಟ್ಟಿರುವ ಅಕ್ಷರಗಳನ್ನು ಮೊದಲು ಅಂತರ ಬಿಟ್ಟು ಬರೆದುಕೊಂಡು, ಒಂದೊಂದರ ಮುಂದೆ ತಿಳಿದ ಪದವನ್ನು ತುಂಬುತ್ತ ಹೋಗಬಹುದು. ಕೊನೆಯ ಪದವೇ ಸಾಮಾನ್ಯವಾಗಿ ಸುಲಭ. ಅಲ್ಲಿಂದ ಹಿಂದಕ್ಕೆ ಬಂದರೆ ನಡುವಿನ ಪದ ಹೊಳೆಯುವುದುಂಟು. ಒಂದು ಪದ ಏನು ಮಾಡಿದರೂ ನೆನಪಿಗೆ ಬಾರದಿದ್ದರೆ ಆ ಸ್ಥಳವನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ, ಕೊನೆಯ ಹತ್ತು ನಿಮಿಷಗಳಲ್ಲಿ ಮರಳಿ ಬರಬೇಕು. ಆ ವೇಳೆಗೆ ಅದೇ ಪದ ಪ್ರಶ್ನೆಪತ್ರಿಕೆಯ ಬೇರೊಂದು ಪುಟದಲ್ಲಿ, ಓದಿ ಉತ್ತರಿಸಲು ಕೊಟ್ಟ ಗದ್ಯಭಾಗದಲ್ಲೋ ಪತ್ರಲೇಖನದ ವಿಳಾಸದಲ್ಲೋ, ಸರಿಯಾದ ಕಾಗುಣಿತದೊಡನೆ ಅಚ್ಚಾಗಿರುವುದು ಕಣ್ಣಿಗೆ ಬಿದ್ದರೂ ಬೀಳಬಹುದು.